ತೊಟ್ಟಿ ಕಟ್ಟಿಸುವಾಗ ತಳದ ತೂತು ಮರೆಯಬೇಡಿ

ಕೊಟ್ಟಿಗೆಗೆ ನೀರಿನ ತೊಟ್ಟಿ ಕಟ್ಟಿಸುವಾಗ ಎಲ್ಲರೂ ಯೋಚನೆ ಮಾಡುವುದು ನೀರು ಎಲ್ಲಿಂದ ತರೋದು ಅಂತ. ನಮ್ಮ ಶಿರಸಿ ಕಡೆ ಗುಡ್ಡದ ಅಬ್ಬಿ ನೀರು ಇದ್ದವರಿಗೆ ಅದು ಚಿಂತೆಯೇ ಅಲ್ಲ, ಪೈಪು ಎಳೆದರೆ ಆಯಿತು. ಹಳೇ ನೀರು ಹೊರಗೆ ಹೋಗುವ ದಾರಿ ಯಾವುದು ಅಂತ ಮೊದಲು ನೋಡಿ.

ನಮ್ಮ ಮೊದಲ ತೊಟ್ಟಿಯ ತಳದಲ್ಲಿ ತೂತೇ ಇರಲಿಲ್ಲ. ಖಾಲಿ ಮಾಡಬೇಕೆಂದರೆ ಚೊಂಬಿನಲ್ಲಿ ತೋಡಬೇಕು. ಇವತ್ತು ನಾಳೆ ಅಂತ ದಿನ ಹೋಯಿತು. ಒಂದು ಬೆಳಿಗ್ಗೆ ನಮ್ಮ ಗಂಗೆ ತೊಟ್ಟಿಗೆ ಮೂತಿ ತಂದಳು, ನೀರಿನ ಮೇಲೆ ಬುಸ್ಸಂತ ಉಸಿರು ಬಿಟ್ಟಳು, ತುಟಿ ಕೂಡ ಒದ್ದೆ ಮಾಡದೆ ಹಿಂದೆ ಸರಿದಳು. ಕೈ ಹಾಕಿ ನೋಡಿದರೆ ಗೋಡೆಯೆಲ್ಲ ಲೋಳೆ, ತಳದಲ್ಲಿ ಕೊಳೆತ ಹುಲ್ಲು. ಆ ವಾರ ಹಾಲು ಕಡಿಮೆ ಆಗಿದ್ದಕ್ಕೆ ಹಿಂಡಿ ಸರಿಯಿಲ್ಲ ಅಂದುಕೊಂಡಿದ್ದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಅಲ್ವಾ? ಕುಡಿಯದಿದ್ದರೆ ಅದು ಎಲ್ಲಿಂದ ಕೊಡಬೇಕು, ಪಾಪ.

ಹಾಗಾಗಿ ತೊಟ್ಟಿಯ ತಳ ನೆಲಕ್ಕಿಂತ ನಾಲ್ಕು ಬೆರಳಾದರೂ ಮೇಲಿರಲಿ. ಒಂದು ಮೂಲೆಗೆ ಇಳಿಜಾರು ಕೊಟ್ಟು, ಅಲ್ಲಿ ಎರಡಿಂಚಿನ ಪೈಪು ಕೂರಿಸಿ ಬಿರಡೆ ಹಾಕಿ. ಹೊರಬಂದ ನೀರು ಬಾಳೆ ಬುಡಕ್ಕೆ ಹೋಗಲಿ. ಒಳಗಿನ ಮೂಲೆಗಳನ್ನು ಗುಂಡಗೆ ಸವರಿಸಿ, ಚೌಕ ಮೂಲೆಯ ಕೊಳೆ ತಿಕ್ಕಿದರೂ ಹೋಗುವುದಿಲ್ಲ. ಚಿರೆಕಲ್ಲಾದರೆ ಒಳಗೆ ಗಟ್ಟಿಯಾಗಿ ಸಿಮೆಂಟು ಗಿಲಾವು ಬೇಕೇ ಬೇಕು, ಆ ಕಲ್ಲು ನೀರು ಹೀರುತ್ತದೆ. ಮಲೆನಾಡು ಗಿಡ್ಡಕ್ಕೆ ಅಂಚು ಒಂದೂವರೆ ಅಡಿ ಎತ್ತರ ಸಾಕು, ಜರ್ಸಿಗೆ ಎರಡಡಿ.

ಕಟ್ಟಿದ ಕೂಡಲೇ ದನ ಬಿಡಬೇಡಿ. ಹೊಸ ಸಿಮೆಂಟಿನ ನೀರಿಗೆ ಸುಣ್ಣದ ಗುಣ ಇರುತ್ತದೆ. ವಾರ ನೀರು ನಿಲ್ಲಿಸಿ ಚೆಲ್ಲಿ. ಇನ್ನೂ ಎರಡು ಸಲ ತುಂಬಿ ಚೆಲ್ಲಿದ ಮೇಲೆ ಕುಡಿಸಿ.

ಸುತ್ತಲಿನ ನೆಲಕ್ಕೆ ನುಣುಪು ಸಿಮೆಂಟು ಮಾತ್ರ ಬೇಡ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಗಬ್ಬದ ದನ ಜಾರಿದರೆ ಏನು ಗತಿ! ಒರಟು ಕಲ್ಲು ಹಾಸಿ.

ಅಕ್ಕಚ್ಚನ್ನು, ಅಂದರೆ ಅಕ್ಕಿ ತೊಳೆದ ನೀರನ್ನು, ಈ ತೊಟ್ಟಿಗೆ ಸುರಿಯಬೇಡಿ, ಸಂಜೆಯೊಳಗೆ ಹುಳಿ ಬರುತ್ತದೆ. ಅದಕ್ಕೆ ಬೇರೆ ಬಕೆಟ್ ಇಡಿ. ವಾರಕ್ಕೊಮ್ಮೆ ಬಿರಡೆ ತೆಗೆದು ತೆಂಗಿನ ನಾರಿನಿಂದ ತಿಕ್ಕಿ, ಸೊಳ್ಳೆಮರಿಯೂ ಹೋಗುತ್ತದೆ. ಸೋಪು ಬೇಡ. ತಿಂಗಳಿಗೊಮ್ಮೆ ಒಳಗೆ ತೆಳ್ಳಗೆ ಸುಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ನೀರು ಬಿಡಿ.