ನಿಶ್ಚಿತಾರ್ಥದ ಉಂಗುರಕ್ಕೆ ಯಾವ ಲೋಹ? ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ಯೋಚಿಸಿ

ಮದುವೆಯಾಗಿ ಎರಡನೇ ವರ್ಷ. ಒಂದು ಬೆಳಿಗ್ಗೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಾ ಇದ್ದೆ. ನನ್ನ ವೈಟ್ ಗೋಲ್ಡ್ ಉಂಗುರ ಅಂಗೈ ಕಡೆ ಹಳದಿಗೆ ತಿರುಗಿದ್ದು ಆಗ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು. ದೊಡ್ಡ ಅಂಗಡಿ, ಎಸಿ, ಕಾಫಿ ಕೊಟ್ಟು ಕೂರಿಸಿ ಮಾರಿದ ಉಂಗುರ. ಮೋಸ ಹೋದೆವಲ್ಲ ಅಂತ ಮನೆಯಲ್ಲಿ ಸಣ್ಣ ಜಗಳವೂ ಆಯಿತು.

ಊರಿಗೆ ಹೋದಾಗ ನಮ್ಮ ಮನೆಗೆ ಮೊದಲಿಂದ ಒಡವೆ ಮಾಡಿಕೊಡುತ್ತಿದ್ದ ಆಚಾರ್ರ ಹತ್ತಿರ ತೋರಿಸಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೂ ಹೊರಗೂ ನೋಡಿದರು. ನಕ್ಕರು. 'ಮೋಸ ಏನಿಲ್ಲ ಕಣಮ್ಮ. ಈ ಹಳದಿನೇ ಇದರ ಮೈಬಣ್ಣ. ಬಿಳುಪು ಮೇಲೆ ಬಳಿದಿದ್ದು. ಸವೆದಿದೆ ಅಷ್ಟೆ' ಅಂದರು.

ಈ ಒಂದು ಮಾತನ್ನು ಕೊಳ್ಳುವಾಗಲೇ ಯಾರಾದರೂ ಹೇಳಿದ್ದರೆ? ಹೇಳಲಿಲ್ಲ. ನಾವೂ ಕೇಳಲಿಲ್ಲ. ಡಿಸೈನ್ ನೋಡಿದೆವು, ಬೆಲೆ ನೋಡಿದೆವು, ಲೋಹ ಯಾವುದು ಅಂತ ಯೋಚಿಸಲೇ ಇಲ್ಲ. ಆಮೇಲೆ ತಂಗಿಯ ನಿಶ್ಚಿತಾರ್ಥಕ್ಕೆ, ಅತ್ತಿಗೆ ಮಗಳ ನಿಶ್ಚಿತಾರ್ಥಕ್ಕೆ ಉಂಗುರ ಕೊಳ್ಳಲು ಹೋಗುವಾಗ ಒಂದು ಕ್ರಮ ಮಾಡಿಕೊಂಡೆ. ಅದೇ ಇದು.

ಮೊದಲು ಕೈ ನೋಡಿ

ನಮ್ಮ ಕಡೆ ಮದುವೆಯ ಗುರುತು ಅಂದರೆ ತಾಳಿ, ಕಾಲುಂಗುರ. ವರಪೂಜೆಯಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ಉಂಗುರ ಹಾಕುವುದು ಹಳೆಯ ರೂಢಿ. ಹುಡುಗ, ಹುಡುಗಿ ಇಬ್ಬರೂ ವೇದಿಕೆ ಮೇಲೆ ನಿಂತು ಉಂಗುರ ಬದಲಾಯಿಸಿಕೊಳ್ಳುವುದು ಈಚೆಗೆ ಜಾಸ್ತಿಯಾದದ್ದು. ಮಂಗಳೂರಿನ ಕ್ಯಾಥೊಲಿಕರಿಗೆ ಇಗರ್ಜಿಯಲ್ಲಿ ಉಂಗುರ ತೊಡಿಸುವುದು ಮದುವೆಯ ಒಂದು ಮುಖ್ಯ ಭಾಗ. ಧರ್ಮ ಪಾಲಿಸುವ ಮುಸ್ಲಿಂ ಗಂಡಸರು ಚಿನ್ನ ಹಾಕುವುದಿಲ್ಲ, ಅವರ ಮನೆಗಳಲ್ಲಿ ವರನಿಗೆ ಬೆಳ್ಳಿ ಅಥವಾ ಪ್ಲಾಟಿನಂ.

ಸಂಪ್ರದಾಯ ಏನೇ ಇರಲಿ, ತಾಳಿ ಸೀರೆಯ ಮರೆಯಲ್ಲಿ ಹಾಯಾಗಿರುತ್ತದೆ. ಉಂಗುರ ಹಾಗಲ್ಲ. ಚಪಾತಿ ಹಿಟ್ಟು ನಾದುವಾಗ, ಬೈಕ್ ಹ್ಯಾಂಡಲ್ ಹಿಡಿಯುವಾಗ, ಬಸ್ಸಿನ ಕಂಬಿ ಹಿಡಿದು ನೇತಾಡುವಾಗ ಅದೂ ಜೊತೆಗಿರುತ್ತದೆ. ಅದಕ್ಕೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದನ್ನು ದಿನಾ ಹಾಕುತ್ತೀರಾ, ಇಲ್ಲ ಬೀರುವಿನಲ್ಲಿಟ್ಟು ಹಬ್ಬಕ್ಕೆ ತೆಗೆಯುತ್ತೀರಾ? ಎರಡನೆಯದು: ಕೈಗೆ ಎಂಥ ಕೆಲಸ? ಕೀಬೋರ್ಡೋ, ಸ್ಪ್ಯಾನರೋ, ಆಸ್ಪತ್ರೆಯೋ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುತ್ತದಾ? ಜೀನ್ಸ್ ಗುಂಡಿ ತಾಗಿದ ಕಡೆ ಹೊಕ್ಕಳ ಹತ್ತಿರ ತುರಿಕೆ ಬರುತ್ತದಾ? ಹಾಗಿದ್ದರೆ ನಿಮ್ಮ ಚರ್ಮಕ್ಕೆ ನಿಕ್ಕಲ್ ಎಂಬ ಲೋಹ ಆಗದೇ ಇರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ವೈಟ್ ಗೋಲ್ಡ್ ಹತ್ತಿರ ಬಂದಾಗ ಬೇಕಾಗುತ್ತದೆ.

22 ಕ್ಯಾರೆಟ್ಟಾ, 18 ಕ್ಯಾರೆಟ್ಟಾ?

ಅಮ್ಮಂದಿರೆಲ್ಲ '22 ಬಿಟ್ಟು ಬೇರೆ ಚಿನ್ನವೇ ಅಲ್ಲ' ಅನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. 24 ಪಾಲಿನಲ್ಲಿ 22 ಪಾಲು ಚಿನ್ನ, ಅಂದರೆ ನೂರಕ್ಕೆ 91.6. ಅದಕ್ಕೇ 916 ಅನ್ನುವುದು. ಬಣ್ಣ ಕಣ್ಣಿಗೆ ತುಂಬುತ್ತದೆ, ಮಾರಿದರೆ ಅಥವಾ ಅಡವಿಟ್ಟರೆ ಒಳ್ಳೆ ಬೆಲೆ ಬರುತ್ತದೆ. 18 ಕ್ಯಾರೆಟ್‌ನಲ್ಲಿ ಚಿನ್ನ ನೂರಕ್ಕೆ 75. ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ.

ಆದರೆ ಚಿನ್ನ ಹುಟ್ಟಾ ಮೆತ್ತನೆಯ ಲೋಹ. ಗಟ್ಟಿತನ ಬರುವುದು ಬೆರಕೆಯಿಂದ. ಹರಳಿಲ್ಲದ ಸಾದಾ ಬಳೆಯಂಥ ಉಂಗುರವಾದರೆ 22 ಕ್ಯಾರೆಟ್ ಧಾರಾಳವಾಗಿ ಸಾಕು. ಸ್ವಲ್ಪ ದಪ್ಪಗೆ ಮಾಡಿಸಿ, ಗೀರು ಬಿದ್ದರೆ ಪಾಲಿಶ್ ಮಾಡಿಸಿ. ಮೇಲೆ ವಜ್ರ ಕೂರುತ್ತದೆ ಅಂದರೆ ಮಾತು ಬೇರೆ. ಹರಳನ್ನು ಹಿಡಿದಿರುವುದು ನಾಲ್ಕೋ ಆರೋ ಸಣ್ಣ ಕಡ್ಡಿಗಳು. ಸೂಜಿಮೊನೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಸ್ವೆಟರ್ ನೂಲಿಗೆ ಸಿಕ್ಕಿ ಒಂದು ಕಡ್ಡಿ ಎದ್ದರೂ ಹರಳು ಸಡಿಲ. ಅಂಗಡಿಯವರು ವಜ್ರದ ಉಂಗುರಕ್ಕೆ 18 ಕ್ಯಾರೆಟ್ ತೋರಿಸಿದರೆ ಅದು ನಿಮ್ಮನ್ನು ಯಾಮಾರಿಸಲು ಅಲ್ಲ, ಕಡ್ಡಿ ಗಟ್ಟಿ ಇರಲಿ ಅಂತ.

14 ಕ್ಯಾರೆಟ್ ಇನ್ನೂ ಗಟ್ಟಿ, ಇನ್ನೂ ಅಗ್ಗ. 2025ರಿಂದ 9 ಕ್ಯಾರೆಟ್‌ಗೂ ಹಾಲ್‌ಮಾರ್ಕ್ ಸಿಗುತ್ತಿದೆ. ಚಿನ್ನದ ಬೆಲೆ ಏರಿರುವ ರೀತಿಗೆ ಇವನ್ನು ಕೇಳುವವರು ಇನ್ನೂ ಹೆಚ್ಚಬಹುದು. ನಾನಂತೂ ನಿಶ್ಚಿತಾರ್ಥಕ್ಕೆ 9ಕ್ಕೆ ಇಳಿಯುವ ಬದಲು 18ರಲ್ಲೇ ಸಣ್ಣ ಉಂಗುರ ಕೊಳ್ಳಿ ಅನ್ನುತ್ತೇನೆ.

ಅಂದಹಾಗೆ, ಚಿನ್ನದ ಕ್ಯಾರೆಟ್ ಬೇರೆ, ವಜ್ರದ ಕ್ಯಾರೆಟ್ ಬೇರೆ. ಮೊದಲನೆಯದು ಶುದ್ಧತೆ, ಎರಡನೆಯದು ತೂಕ. ವಜ್ರದ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ.

ಬಿಳಿ, ಕೆಂಪು, ಹಳದಿ

ಚಿನ್ನಕ್ಕೆ ನಿಕ್ಕಲ್ ಅಥವಾ ಪಲ್ಲಾಡಿಯಂ ಬೆರೆಸಿದರೆ ಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ. ಅದು ವೈಟ್ ಗೋಲ್ಡ್. ಪೂರ್ತಿ ಬೆಳ್ಳಗಾಗುವುದಿಲ್ಲ, ನಸುಹಳದಿ ಉಳಿಯುತ್ತದೆ. ಆ ಕನ್ನಡಿಯಂಥ ಬಿಳುಪು ಬರಲು ಮೇಲೆ ರೋಡಿಯಂ ಎಂಬ ಲೋಹದ ತೆಳು ಲೇಪ ಕೊಡುತ್ತಾರೆ. ದಿನಾ ಹಾಕಿದರೆ ಒಂದೆರಡು ವರ್ಷದಲ್ಲಿ ಲೇಪ ಸವೆಯುತ್ತದೆ, ಮೊದಲು ಅಂಗೈ ಕಡೆ. ನನ್ನ ಉಂಗುರಕ್ಕೆ ಆದದ್ದು ಇದೇ. ಮತ್ತೆ ಲೇಪ ಹಾಕಿಸಿದರೆ ಹೊಸದರ ಹಾಗೆ ಆಗುತ್ತದೆ. ಆದರೆ ಅದು ಎಲ್ಲಾ ಊರಿನಲ್ಲೂ ಆಗುವ ಕೆಲಸವಲ್ಲ. ನಮ್ಮ ಆಚಾರ್ರು ಬೆಂಗಳೂರಿಗೇ ಕಳಿಸಿದರು.

ಹಾಗಾಗಿ ವೈಟ್ ಗೋಲ್ಡ್ ಇಷ್ಟವಾದರೆ ಅಂಗಡಿಯಲ್ಲಿ ಎರಡು ಮಾತು ಕೇಳಿ. ಬೆರೆಸಿರುವುದು ನಿಕ್ಕಲ್ಲಾ, ಪಲ್ಲಾಡಿಯಮ್ಮಾ? (ನಿಕ್ಕಲ್ ಆಗದವರು ಇದನ್ನು ಕೇಳಲೇಬೇಕು.) ರೋಡಿಯಂ ಮತ್ತೆ ಹಾಕಿಕೊಡುತ್ತೀರಾ, ಎಷ್ಟಕ್ಕೆ? ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ರೋಸ್ ಗೋಲ್ಡ್ ತಲೆನೋವು ಕಮ್ಮಿ. ತಾಮ್ರ ಜಾಸ್ತಿ ಹಾಕಿದ ಚಿನ್ನ, ಕೆಂಪು ಒಳಗಿನಿಂದಲೇ ಬಂದದ್ದು, ಸವೆಯುವ ಲೇಪ ಇಲ್ಲ. ನಮ್ಮ ಗೋಧಿ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. ಹಳದಿಯಂತೂ ಇದ್ದೇ ಇದೆ.

ಪ್ಲಾಟಿನಂ ಅಂದರೆ ವೈಟ್ ಗೋಲ್ಡ್ ಅಲ್ಲ

ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ. ಪ್ಲಾಟಿನಂ ಬೇರೆಯೇ ಲೋಹ. ಹುಟ್ಟಿನಿಂದಲೇ ಬಿಳಿ, ಲೇಪ ಬೇಕಿಲ್ಲ. ಒಡವೆಗೆ ಸಾಮಾನ್ಯವಾಗಿ ಬಳಸುವುದು ನೂರಕ್ಕೆ 95 ಪಾಲು ಶುದ್ಧ ಇರುವುದನ್ನು, ಒಳಗೆ ಪಿಟಿ 950 ಅಂತ ಮುದ್ರೆ ಇರುತ್ತದೆ. ನಿಕ್ಕಲ್ ಆಗದವರಿಗೆ ಒಳ್ಳೆಯ ದಾರಿ.

ಕೈಗೆತ್ತಿಕೊಂಡರೆ ಭಾರ ತಿಳಿಯುತ್ತದೆ. ಒಂದೇ ಅಳತೆ, ಒಂದೇ ಡಿಸೈನ್ ಇದ್ದರೂ 18 ಕ್ಯಾರೆಟ್ ಚಿನ್ನದಲ್ಲಿ 4 ಗ್ರಾಂ ಬರುವ ಉಂಗುರ ಪ್ಲಾಟಿನಂನಲ್ಲಿ ಸುಮಾರು 5.2 ಗ್ರಾಂ ಆಗುತ್ತದೆ. ಗ್ರಾಂಗೆ ಬೆಲೆ ಕಮ್ಮಿ ಅಂತ ಖುಷಿಪಡುವ ಮೊದಲು ತಕ್ಕಡಿ ನೋಡಿ.

ಇದಕ್ಕೂ ಗೀರು ಬೀಳುತ್ತದೆ. ಆದರೆ ಗೀರು ಬಿದ್ದಾಗ ಲೋಹ ಉದುರಿಹೋಗುವುದು ಕಡಿಮೆ, ಪಕ್ಕಕ್ಕೆ ಸರಿಯುತ್ತದೆ. ಹೊಲ ಉತ್ತಾಗ ಮಣ್ಣು ಎರಡೂ ಕಡೆ ಸರಿದ ಹಾಗೆ. ಹೊಳಪು ಹೋಗಿ ಮಂಕಾಗಬಹುದು, ಕಡ್ಡಿಗಳು ಮಾತ್ರ ಬೇಗ ತೆಳುವಾಗುವುದಿಲ್ಲ. ಬೆಲೆಬಾಳುವ ವಜ್ರ ಕೂರಿಸಲು ಇದು ಒಳ್ಳೆಯದು ಅನ್ನುವುದು ಅದಕ್ಕೇ.

ತೊಂದರೆ ಇರುವುದು ರಿಪೇರಿಯಲ್ಲಿ. ಚಿನ್ನ 1,064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪ್ಲಾಟಿನಂ ಕರಗಲು 1,768 ಡಿಗ್ರಿ ಬೇಕು. ಊರಿನ ಅಕ್ಕಸಾಲಿಗರ ಬೆಸುಗೆ ಸಾಮಾನು ಚಿನ್ನ ಬೆಳ್ಳಿಗೆ ಹೊಂದಿದ್ದು. ಹೆರಿಗೆಯ ಹೊತ್ತಿಗೆ ಬೆರಳು ಊದಿತು, ಉಂಗುರ ಸ್ವಲ್ಪ ದೊಡ್ಡದು ಮಾಡಿಕೊಡಿ ಅಂತ ಹೋದರೆ 'ಇದು ನಮ್ಮ ಹತ್ತಿರ ಆಗಲ್ಲಮ್ಮ' ಅನ್ನುವ ಸಾಧ್ಯತೆಯೇ ಹೆಚ್ಚು. ಬೆಂಗಳೂರು, ಮಂಗಳೂರಿನಲ್ಲಿದ್ದರೆ ಸರಿ. ಸಣ್ಣ ಊರಿನಲ್ಲಿ ಸಂಸಾರ ಮಾಡುವವರು ಇದನ್ನು ಯೋಚಿಸಿಯೇ ಮುಂದುವರಿಯಿರಿ. ವಾಪಸ್ ಕೊಡುವಾಗಲೂ ಅಷ್ಟೆ, ಚಿನ್ನವಾದರೆ ಯಾವ ಅಂಗಡಿಯಾದರೂ ಕೈ ಚಾಚುತ್ತದೆ, ಪ್ಲಾಟಿನಂ ತಗೊಂಡ ಅಂಗಡಿಗೇ ಹೋಗಬೇಕಾಗಬಹುದು.

ಉಳಿದವು

ಬೆಳ್ಳಿ: 925 (ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ) ಅಗ್ಗ, ಚೆಂದ, ಆದರೆ ಗಾಳಿಯಲ್ಲಿನ ಗಂಧಕಕ್ಕೆ ಕಪ್ಪಾಗುತ್ತದೆ. ಉಜ್ಜಿದರೆ ಹೋಗುತ್ತದೆ. ಟೈಟಾನಿಯಂ ಹಗುರ, ಗಟ್ಟಿ, ಚರ್ಮಕ್ಕೆ ಒಗ್ಗುತ್ತದೆ, ಅಳತೆ ಬದಲಿಸುವುದು ಮಾತ್ರ ಕಷ್ಟ. ಟಂಗ್‌ಸ್ಟನ್ ಕಾರ್ಬೈಡ್‌ಗೆ ಗೀರು ಬೀಳುವುದು ಬಹಳ ಅಪರೂಪ, ಅಳತೆಯನ್ನೂ ಬದಲಿಸಲಾಗದು, ಕಲ್ಲಿನ ನೆಲಕ್ಕೆ ಜೋರಾಗಿ ಬಿದ್ದರೆ ಒಡೆಯಬಹುದು. ಯಂತ್ರದ ಹತ್ತಿರ, ಕರೆಂಟಿನ ಹತ್ತಿರ ಕೆಲಸ ಮಾಡುವವರು ಯಾವ ಲೋಹವಾದರೂ ಕೆಲಸದ ಹೊತ್ತು ಬಿಚ್ಚಿಡಿ. ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ.

ಮುದ್ರೆ ಓದಿ

ಲೋಹ ತೀರ್ಮಾನವಾಯಿತು ಅಂದುಕೊಳ್ಳಿ. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಉಂಗುರದ ಒಳಮೈಯಲ್ಲಿ ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ ಚಿಹ್ನೆ, ಶುದ್ಧತೆ (22ಕೆ916 ಅಥವಾ 18ಕೆ750), ಮತ್ತೆ ಅಕ್ಷರ ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ. ಈ ಆರು ಸ್ಥಾನದ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಸಂಖ್ಯೆ ಒತ್ತಿದರೆ ಒಡವೆ ಯಾವುದು, ಶುದ್ಧತೆ ಎಷ್ಟು ಅಂತ ಬರುತ್ತದೆ. ಅದರಲ್ಲಿ 'ಸರ' ಅಂತ ಬಂದು ನಿಮ್ಮ ಕೈಯಲ್ಲಿ ಉಂಗುರ ಇದ್ದರೆ ಅಲ್ಲೇ ನಿಲ್ಲಿಸಿ.

ಉಂಗುರ ಕೊಳ್ಳುವವರಿಗೆ ಇಲ್ಲೊಂದು ಸಂದು ಇದೆ. 2 ಗ್ರಾಂಗಿಂತ ಕಮ್ಮಿ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಹುಡುಗಿಯರ ತೆಳು ಉಂಗುರ ಎಷ್ಟೋ ಸಲ ಇದರೊಳಗೇ ಬರುತ್ತದೆ. ಆಗ ಬಿಲ್ಲಿನಲ್ಲಿ ಶುದ್ಧತೆ ಬರೆಸಿಕೊಳ್ಳಲೇಬೇಕು. ಪ್ಲಾಟಿನಂಗೂ ಚಿನ್ನದ ಹಾಗೆ ಕಡ್ಡಾಯ ಹಾಲ್‌ಮಾರ್ಕ್ ಇಲ್ಲ, ಪ್ರಮಾಣಪತ್ರ ಕೇಳಿ.

'ಕೆಡಿಎಂ ಚಿನ್ನ ಸರ್' ಅಂತ ಇನ್ನೂ ಹೇಳುವವರಿದ್ದಾರೆ. ಕೆಡಿಎಂ ಶುದ್ಧತೆಯ ಹೆಸರೇ ಅಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಹಾಕುತ್ತಿದ್ದ ವಿಧಾನ ಅದು. ಅದರ ಹೊಗೆ ಮಾಡುವವರ ಎದೆಗೆ ವಿಷ. ಆ ಮಾತು ಕೇಳಿದರೆ ಹಾಲ್‌ಮಾರ್ಕ್ ತೋರಿಸಿ ಅನ್ನಿ, ಅಷ್ಟೆ.

ಬಿಲ್ಲಿನ ಲೆಕ್ಕ

ಸುಮ್ನೆ ಲೆಕ್ಕಕ್ಕೆ, 22 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. 5 ಗ್ರಾಂ ಉಂಗುರಕ್ಕೆ 50,000. ಮಜೂರಿ ಶೇ 15 ಅಂದರೆ 7,500. ಒಟ್ಟು 57,500, ಅದರ ಮೇಲೆ ಶೇ 3 ಜಿಎಸ್‌ಟಿ 1,725. ಕೊಡಬೇಕಾದದ್ದು 59,225. ನಾಳೆಯೇ ಮಾರಲು ಹೋದರೆ ಮಜೂರಿ, ತೆರಿಗೆ ಎರಡೂ ಹೋಯಿತು. ಚೌಕಾಸಿ ಮಾಡುವುದಿದ್ದರೆ ಚಿನ್ನದ ದರದ ಮೇಲೆ ಅಲ್ಲ, ಮಜೂರಿ ಮತ್ತು ವೇಸ್ಟೇಜ್ (ಮಾಡುವಾಗ ಸವೆದುಹೋಯಿತು ಅಂತ ಸೇರಿಸುವ ಚಿನ್ನ) ಮೇಲೆ ಮಾಡಿ.

ಅದೇ ದಿನ 18 ಕ್ಯಾರೆಟ್ ದರ ಎಷ್ಟಿರಬೇಕು? 22ರ ದರವನ್ನು 22ರಿಂದ ಭಾಗಿಸಿ 18ರಿಂದ ಗುಣಿಸಿ. 10,000ಕ್ಕೆ ಸುಮಾರು 8,180. ಇದಕ್ಕಿಂತ ತೀರಾ ಜಾಸ್ತಿ ಹೇಳಿದರೆ ಯಾಕೆ ಅಂತ ಕೇಳಿ. ಹರಳಿನ ತೂಕ ಕಳೆದು ಚಿನ್ನದ ನಿಜವಾದ ತೂಕ ಬೇರೆ ಬರೆದಿದ್ದಾರಾ ನೋಡಿ. ಹರಳಿಗೂ ಚಿನ್ನದ ರೇಟು ಕೊಟ್ಟು ಬಂದವರು ನಮ್ಮ ಮನೆಯಲ್ಲೇ ಇದ್ದಾರೆ, ಹೆಸರು ಹೇಳಿದರೆ ನಾನು ಊಟಕ್ಕೆ ಹೋಗುವ ಹಾಗಿಲ್ಲ.

ಕೊನೆಗೆ ಅಳತೆ

ಅಳತೆಯನ್ನು ಸಂಜೆ ಕೊಡಿ. ಬೆಳಿಗ್ಗೆ ಬೆರಳು ಸಣ್ಣಗಿರುತ್ತದೆ, ಬಿಸಿಲಿಗೆ, ಓಡಾಟಕ್ಕೆ ಊದುತ್ತದೆ. ನಮ್ಮ ಅಂಗಡಿಗಳ ಸೈಜ್ ಲೆಕ್ಕ ಸುಲಭ: ಉಂಗುರದ ಒಳಸುತ್ತು 52 ಮಿಲಿಮೀಟರ್ ಇದ್ದರೆ ಸೈಜ್ 12, 54 ಇದ್ದರೆ 14. ಅಗಲ ಪಟ್ಟಿಯ ಉಂಗುರ ಬಿಗಿ ಅನಿಸುತ್ತದೆ, ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಗಂಟಿನ ಹತ್ತಿರ ಸ್ವಲ್ಪ ತಡೆದು ದಾಟಬೇಕು, ಕೈ ಕೊಡವಿದರೆ ಜಾರಬಾರದು. ಟೈಟಾನಿಯಂ, ಟಂಗ್‌ಸ್ಟನ್ ಕೊಳ್ಳುವವರು ಎರಡು ಬೇರೆ ಬೇರೆ ದಿನ ಅಳತೆ ನೋಡಿ, ಆಮೇಲೆ ಮೊದಲನೆಯದನ್ನು ತಿದ್ದುವುದು ಕಷ್ಟ, ಎರಡನೆಯದನ್ನು ಆಗುವುದೇ ಇಲ್ಲ.

ಮನೆಗೆ ತಂದ ಮೇಲೆ ಎರಡೇ ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಹಾಕಿ ಬಚ್ಚಲು ತೊಳೆಯುವಾಗ, ಈಜುಕೊಳಕ್ಕೆ ಇಳಿಯುವಾಗ ತೆಗೆದಿಡಿ. ಕ್ಲೋರಿನ್ ಬೆರಕೆ ಚಿನ್ನವನ್ನು, ಅದರಲ್ಲೂ ವೈಟ್ ಗೋಲ್ಡ್‌ನ ಸಣ್ಣ ಕಡ್ಡಿಗಳನ್ನು ಹಾಳುಮಾಡುತ್ತದೆ. ಮತ್ತೆ ಮದುವೆಯ ಮಾರನೇ ದಿನ ಬಿಂದಿಗೆಯಲ್ಲಿ ಉಂಗುರ ಹುಡುಕುವ ಆಟ ಆಡಿಸುತ್ತಾರಲ್ಲ, ಅದಕ್ಕೆ ಬೆರಳಲ್ಲಿರುವ ಹರಳಿನ ಉಂಗುರ ಬಿಚ್ಚಿ ಹಾಕಬೇಡಿ. ಇಬ್ಬರೂ ಕಿತ್ತಾಡುವಾಗ ಅದು ತಾಮ್ರದ ಗೋಡೆಗೆ ಹೊಡೆಯುತ್ತದೆ. ಅತ್ತೆಯವರ ಹತ್ತಿರ ಹಳೆಯ ಸಾದಾ ಉಂಗುರ ಒಂದು ಇದ್ದೇ ಇರುತ್ತದೆ, ಇಸಿದುಕೊಳ್ಳಿ.