ಮಾಂಕ್‌ಗೆ ಕೀ ಸಾಲ್ತಿಲ್ಲ ಅನ್ನೋರಿಗೆ
ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ವಹಿಸಿ ಆಡೋ ಆಟ) 2014ರ ರೂಲ್ಸಲ್ಲಿ ಆಡೋರು ಮಾಂಕ್ ಅನ್ನೋ ಬರಿಗೈ ಹೊಡೆದಾಟದ ಪಾತ್ರದ ಕೀ ಪಾಯಿಂಟ್ಸಿಗೆ (ವಿಶೇಷ ಪಟ್ಟುಗಳಿಗೆ ಖರ್ಚು ಮಾಡೋ ಶಕ್ತಿ) ವಿಸ್ಡಮ್ ಮಾಡಿಫೈಯರ್ (ವಿಸ್ಡಮ್ ಅಂಕದಿಂದ ಬರೋ ಬೋನಸ್) ಕೂಡಿಸಿ ಕೊಡಿ, ಕೊನೇಲಿ ಹೇಳಿರೋ ಒಂದು ಮಿತಿ ಬಿಟ್ರೆ ಬೇರೇನೂ ಮುಟ್ಬೇಡಿ. ಲೆವೆಲ್ ಎಷ್ಟೋ ಕೀನೂ ಅಷ್ಟೇ ಅನ್ನೋ ರೂಲಿಂದ 3ನೇ ಲೆವೆಲಲ್ಲಿ ಬರೀ 3 ಸಿಗತ್ತೆ, ಫ್ಲರಿ (ಎಕ್ಸ್‌ಟ್ರಾ ಏಟು), ಪೇಷೆಂಟ್ ಡಿಫೆನ್ಸ್ (ಏಟು ತಪ್ಪಿಸ್ಕೊಳ್ಳೋ ಪಟ್ಟು) ಎಲ್ಲಾ ಅದರಲ್ಲೇ ಆಗ್ಬೇಕು, ಮೂರು ರೌಂಡಿಗೆ ಖಾಲಿ, ಪಾಪ ಆಡೋರಿಗೆ ಬೇಜಾರಾಗತ್ತೆ. ವಿಸ್ಡಮ್ 16 ಇದ್ರೆ ಮಾಡಿಫೈಯರ್ 3, ಹಾಗಾಗಿ ಕೀ 6 ಆಗತ್ತೆ, ಲೆವೆಲ್ ಏರಿದಂಗೆ ಈ ಎಕ್ಸ್‌ಟ್ರಾ 3ರ ತೂಕ ತಾನಾಗೇ ಕಮ್ಮಿ ಆಗೋದ್ರಿಂದ ಬ್ಯಾಲೆನ್ಸೂ ಕೆಡಲ್ಲ. ಆದ್ರೆ ಪ್ರತಿ ಫೈಟ್ ಆದ್ಮೇಲೂ ಶಾರ್ಟ್ ರೆಸ್ಟ್ (ಆಟದೊಳಗಿನ ಸಣ್ಣ ವಿಶ್ರಾಂತಿ) ತಗೊಳ್ಳೋ ಗುಂಪಲ್ಲಿ ಇದು ಬೇಡ, ಅಲ್ಲಿ ಕೀ ಹೇಗೂ ಪೂರ್ತಿ ವಾಪಸ್ ಬರ್ತಿರತ್ತೆ. 5ನೇ ಲೆವೆಲಿಂದ ಸ್ಟನಿಂಗ್ ಸ್ಟ್ರೈಕ್ (ಕೀ ಖರ್ಚು ಮಾಡಿ ಶತ್ರುನ ಸ್ತಬ್ಧ ಮಾಡೋ ಏಟು) ಟರ್ನಿಗೆ ಒಂದೇ ಸಲ ಅಂತ ಮೊದ್ಲೇ ಹೇಳ್ಬಿಡಿ, ಇಲ್ಲಾಂದ್ರೆ ಸಿಕ್ಕಿದ ಕೀ ಎಲ್ಲಾ ಅದಕ್ಕೇ ಸುರಿದು ಬಾಸ್ ಕದಲೋಕೂ ಆಗಲ್ಲ.