ಆಷಾಢದ ಮಳೆಯಲ್ಲೂ ಸುಕೇಳಿ: ಹಣ್ಣು, ತರಕಾರಿಗಳನ್ನು ಯಂತ್ರದಲ್ಲಿ ಒಣಗಿಸುವ ಕ್ರಮ

ಬಾಳೆಗೊನೆ ನಮ್ಮ ಅನುಕೂಲ ನೋಡಿಕೊಂಡು ಹಣ್ಣಾಗುವುದಿಲ್ಲ. ಜಡಿಮಳೆಯ ನಡುವೆ ತೋಟದ ಎರಡು ಗೊನೆಗಳು ಒಮ್ಮೆಲೇ ಹಣ್ಣಾದರೆ, ಮನೆಯವರು ತಿಂದು, ನೆರೆಮನೆಗೆ ಕೊಟ್ಟು, ಆಕಳಿಗೆ ಹಾಕಿದರೂ ಮುಗಿಯುವುದಿಲ್ಲ. ಬೇಸಿಗೆಯಲ್ಲಾದರೆ ಉತ್ತರ ಕನ್ನಡದ ಮನೆಗಳಲ್ಲಿ ಇದಕ್ಕೊಂದು ಹಳೆಯ ದಾರಿಯಿದೆ. ಸಿಪ್ಪೆ ಸುಲಿದು, ಉದ್ದಕ್ಕೆ ಸೀಳಿ, ಬಿಸಿಲಿಗಿಟ್ಟು ಸುಕೇಳಿ ಮಾಡುತ್ತಾರೆ. ಮಳೆಗಾಲದಲ್ಲಿ ಬಿಸಿಲೆಲ್ಲಿಂದ ತರುವುದು? ಸೌದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಯ ವಾಸನೆ ಹಿಡಿಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಅಟ್ಟವೂ ತಣ್ಣಗಾಗಿದೆ. ಹಾಗಾಗಿ ನಮ್ಮ ಮನೆಯ ಅಡುಗೆಕೋಣೆಯ ಮೂಲೆಗೆ ಒಂದು ಡಿಹೈಡ್ರೇಟರ್ ಬಂತು. ನಾಲ್ಕು ಮಳೆಗಾಲ ಅದರೊಂದಿಗೆ ಕಳೆದ ಮೇಲೆ ಈ ಕ್ರಮ ಬರೆಯುತ್ತಿದ್ದೇನೆ.

ಯಂತ್ರದೊಳಗೆ ಏನಾಗುತ್ತದೆ?

ಅದೊಂದು ಸರಳ ಪೆಟ್ಟಿಗೆ. ಒಳಗೆ ಬಿಸಿ ಮಾಡುವ ಸುರುಳಿ, ಒಂದು ಫ್ಯಾನ್, ಜಾಳಿಗೆಯಂಥ ತಟ್ಟೆಗಳು, ಉಷ್ಣತೆ ನಿಗದಿ ಮಾಡುವ ಗುಂಡಿ. ಬಿಸಿಯು ಹಣ್ಣಿನೊಳಗಿನ ನೀರನ್ನು ಮೇಲ್ಮೈಗೆ ತರುತ್ತದೆ, ಫ್ಯಾನಿನ ಗಾಳಿ ಅದನ್ನು ಹೊತ್ತು ಹೊರಹಾಕುತ್ತದೆ. ಈ ಎರಡೂ ಜೊತೆಜೊತೆಯಾಗಿ ಸಾಗಬೇಕು. ಬಿಸಿ ಹೆಚ್ಚಾದರೆ ಹೊರಪದರ ಬೇಗ ಒಣಗಿ ಬಿಗಿದುಕೊಳ್ಳುತ್ತದೆ. ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ಗೊನೆ ಕಳೆದುಕೊಂಡು. ಸಂಜೆ ಕರೆಂಟ್ ಹೋಗುವುದರೊಳಗೆ ಮುಗಿಸುವ ಆತುರದಲ್ಲಿ 70 ಡಿಗ್ರಿಗೆ ಇಟ್ಟಿದ್ದೆ. ಐದಾರು ಗಂಟೆಯಲ್ಲಿ ಹೋಳುಗಳು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಚರ್ಮದಂತೆ ಗಟ್ಟಿಯಾಗಿದ್ದವು. ಸಂತೋಷದಿಂದ ಡಬ್ಬಿ ತುಂಬಿಸಿದೆ. ವಾರ ತುಂಬುವ ಮೊದಲೇ ಮುಚ್ಚಳ ತೆರೆದರೆ ಹುಳಿ ವಾಸನೆ, ಮೇಲೆ ಬಿಳಿಯ ಬೂಷ್ಟು. ಒಂದು ಹೋಳು ಮುರಿದು ನೋಡಿದೆ, ನಡುವೆ ಹಣ್ಣು ಇನ್ನೂ ಅಂಟಂಟಾಗಿ ಹಸಿಯಾಗಿಯೇ ಇತ್ತು. ಯಂತ್ರ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೆ: ತಟ್ಟೆ ಎಷ್ಟಿವೆ ಎಂದು ಎಣಿಸುವ ಮೊದಲು ಉಷ್ಣತೆಯನ್ನು 35ರಿಂದ 70 ಡಿಗ್ರಿಯವರೆಗೆ ಬದಲಿಸಲು ಬರುತ್ತದೆಯೇ ನೋಡಿ. ಅದಿಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಸುಕೇಳಿ

ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬಿದ್ದ, ಚೆನ್ನಾಗಿ ಕಳಿತ, ಆದರೆ ಹಿಚುಕಿದರೆ ಮುದ್ದೆಯಾಗದ ಹಣ್ಣು ಬೇಕು. ದೋರೆಗಾಯಿ ಒಣಗಿದರೆ ಸಿಹಿ ಇರುವುದಿಲ್ಲ, ಒಗರು ಉಳಿಯುತ್ತದೆ. ಏಲಕ್ಕಿ ಬಾಳೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿದರೆ ಸಾಕು. ದಪ್ಪ ಹಣ್ಣಾದರೆ ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ಯಿರಿ. ಬಿಲ್ಲೆಗಳೆಲ್ಲ ಒಂದೇ ದಪ್ಪ ಇರಬೇಕು, ಇಲ್ಲವಾದರೆ ತೆಳುವಾದವು ಸೀದುಹೋಗುವ ಹೊತ್ತಿಗೆ ದಪ್ಪನೆಯವು ಹಸಿಯಾಗಿರುತ್ತವೆ. ಬಣ್ಣ ಕಪ್ಪಾಗಬಾರದು ಎನ್ನುವವರು ಒಂದು ಲೋಟ ನೀರಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ, ಹೋಳುಗಳನ್ನು ಅದರಲ್ಲಿ ಐದು ನಿಮಿಷ ಅದ್ದಿ ತೆಗೆಯಬಹುದು. ನಾನು ಅದ್ದುವುದಿಲ್ಲ. ಸುಕೇಳಿಗೆ ಕಂದು ಬಣ್ಣವೇ ಚೆಂದ.

ಹೋಳುಗಳು ಒಂದಕ್ಕೊಂದು ತಾಗದಂತೆ ಜೋಡಿಸಿ, 57 ಡಿಗ್ರಿಗೆ ಇಡಿ. ಬಿಲ್ಲೆಗಳಿಗೆ 8ರಿಂದ 12 ಗಂಟೆ ಬೇಕು, ಸೀಳುಗಳಿಗೆ 12ರಿಂದ 18. ಮಳೆ ಹಿಡಿದ ದಿನ ಹೊರಗಿನ ಗಾಳಿಯಲ್ಲೇ ತೇವ ತುಂಬಿರುವುದರಿಂದ ಇನ್ನೂ ಒಂದೆರಡು ಗಂಟೆ ಹೆಚ್ಚು. ನಡುವೆ ಎರಡು ಬಾರಿಯಾದರೂ ಹೋಳುಗಳನ್ನು ಮಗುಚಿ, ಮೇಲಿನ ತಟ್ಟೆಯನ್ನು ಕೆಳಗೂ ಕೆಳಗಿನದನ್ನು ಮೇಲೂ ಬದಲಿಸಿ. ಯಾವ ಯಂತ್ರದಲ್ಲೂ ಬಿಸಿ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ.

ಗಡಿಯಾರ ನೋಡಿ ಯಂತ್ರ ಆರಿಸಬೇಡಿ. ಎಲ್ಲಕ್ಕಿಂತ ದಪ್ಪನೆಯ ಸೀಳೊಂದನ್ನು ತೆಗೆದು ಪೂರ್ತಿ ಆರಲು ಬಿಡಿ. ಬಿಸಿಯಿರುವಾಗ ಎಲ್ಲವೂ ಮೆತ್ತಗೇ ಇರುತ್ತದೆ. ಆರಿದ ಮೇಲೆ ಅಡ್ಡಕ್ಕೆ ಹರಿದು, ಹರಿದ ಜಾಗವನ್ನು ಬೆರಳುಗಳ ನಡುವೆ ಒತ್ತಿ. ಅಲ್ಲಿ ಸಾಸಿವೆಯಷ್ಟು ಪಸೆ ಜಿನುಗಿದರೂ ಮತ್ತೆ ಒಳಗಿಡಿ. ಬಾಗಬೇಕು, ಎಳೆದರೆ ನಾರಿನಂತೆ ಬರಬೇಕು, ಬೆರಳಿಗೆ ಅಂಟಬಾರದು. ಸಿಪ್ಪೆ ತೆಗೆದ ಒಂದು ಕಿಲೋ ಹಣ್ಣು ಒಣಗಿ ಸುಮಾರು 300 ಗ್ರಾಂಗೆ ಇಳಿಯುತ್ತದೆ. ಒಣಗಿಸುವ ಮೊದಲು ಮತ್ತು ನಂತರ ತಕ್ಕಡಿಯಲ್ಲಿಟ್ಟರೆ ಅದೂ ಒಂದು ಒಳ್ಳೆಯ ಪರೀಕ್ಷೆ.

ತರಕಾರಿಗೆ ಬೇರೆ ಲೆಕ್ಕ

ಹಣ್ಣಿನಲ್ಲಿ ಸಕ್ಕರೆಯೂ ಹುಳಿಯೂ ಇರುವುದರಿಂದ ಸ್ವಲ್ಪ ತೇವ ಉಳಿದರೂ ಬಾಳಿಕೆ ಬರುತ್ತದೆ. ತರಕಾರಿಗೆ ಆ ಬಲವಿಲ್ಲ. ಅದು ಮುರಿದರೆ ಟಕ್ಕೆಂದು ಸದ್ದು ಮಾಡುವಷ್ಟು ಒಣಗಲೇಬೇಕು.

ಬೀನ್ಸ್, ಕ್ಯಾರೆಟ್, ಬಟಾಣಿಯಂಥವನ್ನು ಹಸಿಯಾಗಿ ಒಣಗಿಸಿದರೆ ಕೆಲವೇ ತಿಂಗಳಲ್ಲಿ ಒಣಹುಲ್ಲಿನ ರುಚಿ ಬರುತ್ತದೆ. ತರಕಾರಿಯೊಳಗಿನ ಕಿಣ್ವಗಳು ಒಣಗಿದ ಮೇಲೂ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಅವನ್ನು ಸುಮ್ಮನಾಗಿಸಲು ಹೋಳುಗಳನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಮೂರರಿಂದ ಐದು ನಿಮಿಷ ಇಟ್ಟು, ಕೂಡಲೇ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ಆಮೇಲೆ 55 ಡಿಗ್ರಿಯಲ್ಲಿ 8ರಿಂದ 12 ಗಂಟೆ. ಈರುಳ್ಳಿ, ಮೆಣಸಿನಕಾಯಿ, ಟೊಮೆಟೊಗೆ ಹಬೆಯ ಕೆಲಸವಿಲ್ಲ. ಈರುಳ್ಳಿಯನ್ನು ಬೇರೆ ಯಾವುದರ ಜೊತೆಗೂ ಇಡಬೇಡಿ, ಅದರ ವಾಸನೆ ಎಲ್ಲಕ್ಕೂ ಹತ್ತಿಕೊಳ್ಳುತ್ತದೆ.

ಕೋಲಾರದ ಮಾರುಕಟ್ಟೆಯಲ್ಲಿ ದರ ಕುಸಿದು ಟೊಮೆಟೊ ರಸ್ತೆ ಬದಿಗೆ ಬೀಳುವ ಸುದ್ದಿ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಯ ಮಟ್ಟಿಗಾದರೂ ಆ ದಿನಗಳಲ್ಲಿ ಹೆಚ್ಚು ಕೊಂಡು ಒಣಗಿಸಿಡಬಹುದು. ಟೊಮೆಟೊದಲ್ಲಿ ನೂರಕ್ಕೆ 94 ಭಾಗ ನೀರೇ ಇರುವುದರಿಂದ ಒಂದು ಕಿಲೋಗೆ ಸಿಗುವುದು 60–70 ಗ್ರಾಂ ಮಾತ್ರ. ಬೀಜದ ಲೋಳೆ ತೆಗೆದು ಬಿಲ್ಲೆ ಮಾಡಿ, ಗರಿಗರಿಯಾಗುವವರೆಗೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಿ. ದರ ಏರಿದಾಗ ಸಾರಿಗೆ ಎರಡು ಚಮಚ ಹಾಕಿದರೆ ಸಾಕು.

ಕರಿಬೇವು, ಕೊತ್ತಂಬರಿ, ಪುದೀನಕ್ಕೆ 35–40 ಡಿಗ್ರಿ ಮೀರಬಾರದು. ಮೂರ್ನಾಲ್ಕು ಗಂಟೆಯಲ್ಲಿ ಎಲೆ ಪುಡಿಯಾಗುವಂತಾಗುತ್ತದೆ. ಬಿಸಿ ಹೆಚ್ಚಾದರೆ ಪರಿಮಳ ಗಾಳಿಯೊಂದಿಗೆ ಹೊರಗೆ ಹೋಗುತ್ತದೆ.

ಖರ್ಚಿನ ಮಾತು: 500 ವಾಟ್‌ನ ಯಂತ್ರ ಬಿಡದೆ 14 ಗಂಟೆ ಓಡಿದರೆ ಹೆಚ್ಚೆಂದರೆ 7 ಯೂನಿಟ್. ಉಷ್ಣತೆ ನಿಗದಿಗೆ ತಲುಪಿದಾಗ ಬಿಸಿ ತಾನಾಗಿ ನಿಲ್ಲುವುದರಿಂದ ಅದಕ್ಕಿಂತ ಕಡಿಮೆಯೇ ಬರುತ್ತದೆ. ಒಂದು ತಟ್ಟೆಗಾಗಿ ಯಂತ್ರ ಹಾಕುವುದು ದುಂದು. ಎಲ್ಲ ತಟ್ಟೆಗಳೂ ತುಂಬುವಷ್ಟು ಕೂಡಿದ ಮೇಲೆಯೇ ಹಾಕಿ. ಬಿಸಿಲಿರುವ ದಿನಗಳಲ್ಲಿ ಯಂತ್ರವೇ ಬೇಡ, ಅಂಗಳವಿದೆ.

ಬಾಟಲಿಯಲ್ಲಿ ಒಂದು ವಾರ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಒಂದೇ ತಟ್ಟೆಯಲ್ಲಿದ್ದರೂ ಕೆಲವು ಹೋಳುಗಳಲ್ಲಿ ತೇವ ಹೆಚ್ಚು, ಕೆಲವದರಲ್ಲಿ ಕಡಿಮೆ ಇರುತ್ತದೆ. ಹಣ್ಣು ಪೂರ್ತಿ ತಣ್ಣಗಾದ ಮೇಲೆ ಗಾಜಿನ ಬಾಟಲಿಯ ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಮುಚ್ಚಳ ಬಿಗಿದು, ಏಳು ದಿನ ದಿನಕ್ಕೊಮ್ಮೆ ಚೆನ್ನಾಗಿ ಅಲುಗಿಸಿ. ತೇವ ಹೋಳಿನಿಂದ ಹೋಳಿಗೆ ಹಂಚಿಕೊಂಡು ಸಮನಾಗುತ್ತದೆ. ಬೆಳಿಗ್ಗೆ ಎದ್ದು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಮೈಯಲ್ಲಿ ಮಂಜಿನಂಥ ಪೊರೆ ಕಂಡರೆ ಕೂಡಲೇ ಹೊರಗೆ ಸುರಿದು ಮತ್ತೆ ಮೂರ್ನಾಲ್ಕು ಗಂಟೆ ಒಣಗಿಸಿ. ಬೂಷ್ಟು ಬಂದಿದ್ದರೆ ಮಾತ್ರ ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಇಡೀ ಬಾಟಲಿ ಗೊಬ್ಬರದ ಗುಂಡಿಗೆ.

ವಾರ ಕಳೆದ ಮೇಲೆ ಸಣ್ಣ ಬಾಟಲಿಗಳಿಗೆ ತುಂಬಿಸಿ, ತಾರೀಕು ಬರೆದು, ಬೆಳಕು ಬೀಳದ ತಂಪು ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ದೊಡ್ಡ ಡಬ್ಬಿಯನ್ನು ದಿನಾ ತೆರೆದರೆ ಪ್ರತಿ ಸಲವೂ ತೇವ ಒಳನುಗ್ಗುತ್ತದೆ.

ಬಳಸುವಾಗ ಬೀನ್ಸ್, ಕ್ಯಾರೆಟ್‌ಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರಿನ ಸಮೇತ ಹುಳಿಗೆ ಹಾಕಬಹುದು. ಉಪ್ಪು, ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ ಒಣಗಿಸಿದ ಹಾಗಲಕಾಯಿಗೆ ನೆನೆಸುವ ಗೊಡವೆಯಿಲ್ಲ, ನೇರವಾಗಿ ಎಣ್ಣೆಗೆ. ಎಣ್ಣೆ ಕಾದ ಮೇಲೆ ಉರಿ ಸಣ್ಣದು ಮಾಡಿ ಹಾಕಿ. ಹತ್ತು ಎಣಿಸುವಷ್ಟರಲ್ಲಿ ಬಣ್ಣ ತಿರುಗುತ್ತದೆ, ಕಪ್ಪಾಗುವ ಮುನ್ನ ತೆಗೆದು ಬಿಸಿ ಅನ್ನದ ಪಕ್ಕಕ್ಕೆ ಹಾಕಿಕೊಳ್ಳಿ.